ಆಕರದ ಸುತ್ತ ಬಳಗ: ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧನೆಯ ಒಳಚರಿತ್ರೆ

ವಿಶ್ವವಿದ್ಯಾನಿಲಯದ ಚರಿತ್ರೆಯನ್ನು ಕುಲಪತಿಗಳ ಪಟ್ಟಿಗೆ ಜೋಡಿಸಿ ಬರೆಯುವುದು ನಮ್ಮಲ್ಲಿ ಬೆಳೆದುಬಂದ ರೂಢಿ. ಯಾರ ಕಾಲದಲ್ಲಿ ಯಾವ ಕಟ್ಟಡ ಎದ್ದಿತು, ಯಾವ ವಿಭಾಗ ತೆರೆಯಿತು, ಯಾರಿಗೆ ಗೌರವ ಡಾಕ್ಟರೇಟು ಸಂದಿತು ಎಂಬ ವಿವರಗಳಿಂದಲೇ ಮಹೋತ್ಸವದ ಸಂಪುಟಗಳು ತುಂಬಿರುತ್ತವೆ. ಮೈಸೂರು ವಿಶ್ವವಿದ್ಯಾನಿಲಯದ ಮಟ್ಟಿಗೆ ಈ ಕ್ರಮ ಒಂದು ಮುಖ್ಯ ಸಂಗತಿಯನ್ನು ಮರೆಮಾಡುತ್ತದೆ. ಇಲ್ಲಿನ ಒಳ್ಳೆಯ ಸಂಶೋಧನೆಗೆ ಮೂಲ ವಿಭಾಗಕ್ಕಿಂತ ಹೆಚ್ಚಾಗಿ ಆಕರ. ಓಲೆಗರಿಯ ಕಟ್ಟು, ಶಾಸನದ ಪಡಿಯಚ್ಚು, ಕಪ್ಪೆ ತುಂಬಿದ ಸೀಸೆ, ನೊಣ ಸಾಕಿದ ಬಾಟಲಿ ಮೊದಲು ಬಂದವು; ಅವುಗಳ ಸುತ್ತ ನಾಲ್ಕಾರು ಜನರ ಬಳಗ ಕೂಡಿತು; ವಿಭಾಗದ ಬೋರ್ಡು ಎಷ್ಟೋ ಸಲ ಆಮೇಲೆ ಬಂತು. ಯಾವ ಬಳಗ ತಲೆಮಾರು ದಾಟಿತು, ಯಾವುದು ಗುರು ನಿವೃತ್ತರಾಗುತ್ತಲೇ ಚದುರಿತು ಎಂಬುದು ಸಹ ಆ ಆಕರವನ್ನು ಯಾರು ಹೇಗೆ ಕಾಪಾಡಿದರು ಎಂಬುದನ್ನು ಅವಲಂಬಿಸಿತ್ತು. ಈ ಲೇಖನದ ವಾದ ಇಷ್ಟೇ. ಎಲ್ಲ ವಿಭಾಗಗಳ ಲೆಕ್ಕ ಒಪ್ಪಿಸುವ ಉದ್ದೇಶ ಇದಕ್ಕಿಲ್ಲ.

1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಈ ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂತು. ನೇರ ಬ್ರಿಟಿಷ್ ಆಡಳಿತದ ಹೊರಗೆ ದೇಶೀಯ ಸಂಸ್ಥಾನವೊಂದು ಕಟ್ಟಿದ ಮೊದಲ ವಿಶ್ವವಿದ್ಯಾನಿಲಯ ಇದು. ಅದುವರೆಗೆ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಇದರ ಎರಡು ಕಾಲುಗಳಾದವು. ಕಲಾ ವಿಷಯಗಳು ಬಹುಮಟ್ಟಿಗೆ ಮೈಸೂರಿನಲ್ಲಿ, ವಿಜ್ಞಾನ ಬೆಂಗಳೂರಿನಲ್ಲಿ. ಈ ಪಾಲು ಮುಂದೆ ಅರ್ಧ ಶತಮಾನದವರೆಗೆ ಸಂಶೋಧನೆಯ ಹಣೆಬರಹವನ್ನೇ ತಿದ್ದಿತು.

ಆದರೆ ವಿದ್ವತ್ಕಾರ್ಯ 1916ಕ್ಕಾಗಿ ಕಾದು ಕುಳಿತಿರಲಿಲ್ಲ. 1891ರಲ್ಲೇ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಓರಿಯಂಟಲ್ ಲೈಬ್ರರಿ ಆರಂಭವಾಗಿತ್ತು. ಹಳ್ಳಿ, ಅಗ್ರಹಾರ, ಮಠಗಳಿಂದ ಹಸ್ತಪ್ರತಿ ತರಿಸುವುದು, ಪಟ್ಟಿ ಮಾಡುವುದು, ಪ್ರತಿ ತೆಗೆಯುವುದು, ಅಚ್ಚು ಹಾಕಿಸುವುದು ಅಲ್ಲಿಯ ಕೆಲಸ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ಓಲೆಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇದೆಯೆಂದು ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. ಸಂಸ್ಕೃತ ಮೂಲ 1909ರಲ್ಲಿ, ಇಂಗ್ಲಿಷ್ ಅನುವಾದ 1915ರಲ್ಲಿ ಗ್ರಂಥರೂಪಕ್ಕೆ ಬಂದವು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಅದನ್ನೊಂದು ಅದೃಷ್ಟದ ಪ್ರಸಂಗವಾಗಿಸುತ್ತಾರೆ. ನನಗೆ ಅದರಲ್ಲಿ ಅದೃಷ್ಟಕ್ಕಿಂತ ಕಚೇರಿಯ ಶಿಸ್ತು ಹೆಚ್ಚು ಕಾಣುತ್ತದೆ. ಬಂದ ಕಟ್ಟನ್ನು ಇಸಿದುಕೊಳ್ಳಲು, ಬಿಚ್ಚಿ ಓದಲು ಸಂಬಳದ ಮೇಲೆ ಒಬ್ಬ ವಿದ್ವಾಂಸ ಇದ್ದರು. ಓದಿದ್ದನ್ನು ಮುದ್ರಿಸಲು ಸರ್ಕಾರದ ಅಚ್ಚುಕೂಟವಿತ್ತು. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಕಟ್ಟು ಬೀರುವಿನಲ್ಲೇ ಉಳಿಯುತ್ತಿತ್ತು.

ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಲೈಬ್ರರಿ ಅದರ ಸುಪರ್ದಿಗೆ ಬಂತು. 1943ರಲ್ಲಿ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಎಂದು ಹೆಸರಾಯಿತು. ವಿಭಾಗಗಳ ನಡುವಿನ ಓಡಾಟ ಮೊದಲು ಕಾಣುವುದು ಇಲ್ಲೇ. ತರುಣರಾಗಿದ್ದಾಗ ಈ ಲೈಬ್ರರಿಯಲ್ಲಿ ಕೆಲಸ ಮಾಡಿದ ಎಂ. ಹಿರಿಯಣ್ಣನವರು ಮುಂದೆ ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾದರು. ಅವರಿಗೆ ಜಗತ್ತಿನ ಮನ್ನಣೆ ತಂದದ್ದು 1932ರ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆ. ಮೈಸೂರಿನ ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಮಾಡಿದ ಪಾಠಗಳೇ ಬೆಳೆದು ಆ ಪುಸ್ತಕವಾದವು. ಸಂಸ್ಕೃತದ ಮೇಷ್ಟರು ತತ್ತ್ವಶಾಸ್ತ್ರದ ಪಾಠ ಹೇಳುವುದು ಆಗ ಯಾರಿಗೂ ವಿಚಿತ್ರವೆನಿಸಿರಲಿಲ್ಲ. 1918ರಿಂದ 1921ರವರೆಗೆ ರಾಧಾಕೃಷ್ಣನ್ ಇದ್ದ, ಎ. ಆರ್. ವಾಡಿಯಾ ದೀರ್ಘಕಾಲ ನಡೆಸಿದ ತತ್ತ್ವಶಾಸ್ತ್ರ ವಿಭಾಗಕ್ಕೆ ಮೂಲಗ್ರಂಥದ ಬೆನ್ನೆಲುಬು ಒದಗಿದ್ದು ಈ ಓಡಾಟದಿಂದ.

ಶಾಸನಗಳ ಕಥೆ ಇನ್ನೂ ದೀರ್ಘ. ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ 12 ಸಂಪುಟ ಮುಟ್ಟಿತ್ತು. ರೈಸರ ನಂತರ ಪುರಾತತ್ವ ಇಲಾಖೆಯ ಹೊಣೆ ಹೊತ್ತ ಆರ್. ನರಸಿಂಹಾಚಾರ್ಯರು ಶಾಸನ ಹಾಗೂ ಹಸ್ತಪ್ರತಿಗಳ ಆಧಾರದ ಮೇಲೆ ಕರ್ಣಾಟಕ ಕವಿಚರಿತೆಯನ್ನೂ ಕಟ್ಟಿದರು. ಅವರ ತರುವಾಯ ಬಂದವರು ಶಾಮಶಾಸ್ತ್ರಿಗಳು, ಅವರ ಅನಂತರ ಎಂ. ಎಚ್. ಕೃಷ್ಣ. ಕೃಷ್ಣ ಅವರು ಇಲಾಖೆಯ ನಿರ್ದೇಶಕರೂ ಹೌದು, ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರೂ ಹೌದು. ಇಲಾಖೆಯ ವಾರ್ಷಿಕ ವರದಿಗಳು ಮುಖಪುಟದ ಮೇಲೆ ವಿಶ್ವವಿದ್ಯಾನಿಲಯದ ಹೆಸರು ಹೊತ್ತು ಬಂದದ್ದು ಈ ಕಾಲದಲ್ಲಿ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನ, 1936ರಲ್ಲಿ ಹಲ್ಮಿಡಿ ಶಾಸನ ಬೆಳಕಿಗೆ ಬಂದದ್ದು, ಬ್ರಹ್ಮಗಿರಿಯಲ್ಲಿ ಬ್ರಿಟಿಷ್ ಪುರಾತತ್ವಜ್ಞ ವ್ಹೀಲರ್ ಅವರಿಗಿಂತ ಮುಂಚೆ ನಡೆದ ಅಗೆತ, ಇವೆಲ್ಲ ಆ ಜೋಡಿ ಹುದ್ದೆಯ ಫಲ. ಬೆಳಿಗ್ಗೆ ತರಗತಿಯಲ್ಲಿ ಕದಂಬರ ಪಾಠ ಹೇಳುವವರಿಗೆ ಹೊಸ ಶಾಸನದ ಪಡಿಯಚ್ಚು ಮಧ್ಯಾಹ್ನ ಕಚೇರಿಯಲ್ಲೇ ಸಿಗುವ ವ್ಯವಸ್ಥೆ ಇತಿಹಾಸ ವಿಭಾಗಗಳಿಗೆ ಆಮೇಲೆ ಸುಲಭವಾಗಿ ಒದಗಲಿಲ್ಲ. ಪುರಾತತ್ವ ಇಲಾಖೆ ಸರ್ಕಾರದ ಕಡೆಗೆ ಹೋಯಿತು, ವಿಶ್ವವಿದ್ಯಾನಿಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗ ಬೇರೆಯಾಗಿ ಬೆಳೆಯಿತು. ಆಡಳಿತದ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ ಇರಬಹುದು. ಪಾಠ ಮತ್ತು ಅಗೆತಗಳ ನಡುವೆ ಮಾತ್ರ ಒಂದು ಗೋಡೆ ಎದ್ದಿತು.

ಜನಾಂಗ ಅಧ್ಯಯನದ ಒಂದು ಪ್ರಸಂಗವನ್ನು ಇಲ್ಲೇ ಹೇಳಬೇಕು. ಮೊದಲ ಕುಲಪತಿ ಎಚ್. ವಿ. ನಂಜುಂಡಯ್ಯನವರು ಸಂಸ್ಥಾನದ ಜಾತಿ, ಬುಡಕಟ್ಟುಗಳ ಸಮೀಕ್ಷೆಯನ್ನು ಆ ಹುದ್ದೆಗೆ ಬರುವ ಮೊದಲೇ ಕೈಗೆತ್ತಿಕೊಂಡು ಒಂದೊಂದು ಸಮುದಾಯದ ಮೇಲೂ ಟಿಪ್ಪಣಿ ಸಿದ್ಧಪಡಿಸಿದ್ದರು. 1920ರಲ್ಲಿ ತೀರಿಕೊಂಡಾಗ ಕೆಲಸ ಅರ್ಧದಲ್ಲಿತ್ತು. ಎಲ್. ಕೆ. ಅನಂತಕೃಷ್ಣ ಅಯ್ಯರ್ ಅದನ್ನು ಪೂರ್ತಿಗೊಳಿಸಿದರು. 1928ರಿಂದ ನಾಲ್ಕು ಸಂಪುಟಗಳಾಗಿ ಇಬ್ಬರ ಹೆಸರಿನಲ್ಲೂ ವಿಶ್ವವಿದ್ಯಾನಿಲಯವೇ ಪ್ರಕಟಿಸಿತು. ಆಗ ಅಲ್ಲಿ ಮಾನವಶಾಸ್ತ್ರದ ವಿಭಾಗವೇ ಇರಲಿಲ್ಲ. ಆ ಸಂಪುಟಗಳ ವರ್ಗೀಕರಣವನ್ನೂ, ಸಮುದಾಯಗಳನ್ನು ಹೊರಗಿನಿಂದ ಅಳೆಯುವ ಅವುಗಳ ಧಾಟಿಯನ್ನೂ ಇಂದು ಯಾರೂ ಒಪ್ಪುವುದಿಲ್ಲ. ಆದರೂ ಸತ್ತವರ ಟಿಪ್ಪಣಿಗಳನ್ನು ಎಸೆಯದೆ ಇನ್ನೊಬ್ಬರ ಕೈಗೆ ಒಪ್ಪಿಸಿ ಮುಗಿಸಿದ ಜವಾಬ್ದಾರಿ ಗಮನಿಸತಕ್ಕದ್ದು, ಏಕೆಂದರೆ ಅದು ಎಲ್ಲ ಕಡೆ ನಡೆಯಲಿಲ್ಲ.

ನಡೆಯದ ಕಡೆಯ ಉದಾಹರಣೆ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ. ಸಿ. ಆರ್. ನಾರಾಯಣ ರಾವ್ (1882–1960) ಅಲ್ಲಿ ಪಶ್ಚಿಮ ಘಟ್ಟದ ಕಪ್ಪೆಗಳ ಅಧ್ಯಯನಕ್ಕೆ ಬುನಾದಿ ಹಾಕಿದರು. 1932ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆ ಹೊರಟಾಗ ಮೊದಲ ಸಂಪಾದಕರೂ ಅವರೇ. ದೇಶದ ವಿಜ್ಞಾನಕ್ಕೆ ಮುಖವಾಣಿಯಾದ ಪತ್ರಿಕೆಯ ಸಂಪಾದಕತ್ವ ಕಾಲೇಜಿನ ಮೇಷ್ಟರೊಬ್ಬರ ಕೈಯಲ್ಲಿತ್ತೆಂಬುದು ಆ ಕಾಲೇಜಿನ ತೂಕವನ್ನು ತಿಳಿಸುತ್ತದೆ. 1937ರಲ್ಲಿ ಅವರು ಹಲವಾರು ಕಪ್ಪೆ ಪ್ರಭೇದಗಳನ್ನು ಒಟ್ಟಿಗೆ ವರ್ಣಿಸಿದರು. ಕೊಟ್ಟಿಗೆಹಾರ, ಕೆಂಪುಹೊಳೆಯಂಥ ಮಲೆನಾಡಿನ ಜಾಗಗಳು ಲ್ಯಾಟಿನ್ ಹೆಸರುಗಳ ಬಾಲವಾಗಿ ವಿಜ್ಞಾನದ ಪಟ್ಟಿಗೆ ಸೇರಿದ್ದು ಹೀಗೆ.

ಹೊಸ ಪ್ರಭೇದವನ್ನು ಹೆಸರಿಸುವಾಗ ಯಾವ ಮಾದರಿಯನ್ನು ಮುಂದಿಟ್ಟುಕೊಂಡು ವರ್ಣಿಸಿದರೋ ಅದನ್ನು ಶಾಶ್ವತವಾಗಿ ಕಾಪಾಡಬೇಕೆಂಬುದು ವರ್ಗೀಕರಣದ ಮೊದಲ ನಿಯಮ. ಮುಂದೆ ಸಂಶಯ ಬಂದಾಗ ತೀರ್ಪು ಹೇಳುವುದು ಆ ಮಾದರಿಯೇ. ನಾರಾಯಣ ರಾಯರ ಮಾದರಿಗಳು ಕಾಲೇಜಿನಲ್ಲೇ ಇದ್ದವು. ಅವುಗಳಲ್ಲಿ ಬಹಳಷ್ಟು ಕಳೆದುಹೋದವು. ಹೀಗಾಗಿ ಅವರು ಕೊಟ್ಟ ಕೆಲವು ಹೆಸರುಗಳು ನಿಜಕ್ಕೂ ಯಾವ ಕಪ್ಪೆಗೆ ಸಲ್ಲುತ್ತವೆಂದು ತೀರ್ಮಾನಿಸಲು ಇಂದಿನ ತಜ್ಞರು ಅದೇ ಕಾಡಿಗೆ ಮತ್ತೆ ಹೋಗಿ, ಅವರ ವರ್ಣನೆಗೆ ಹೊಂದುವ ಜೀವಿಯನ್ನು ಹುಡುಕಬೇಕಾಗಿದೆ. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ರಾವೊರ್ಕೆಸ್ಟಿಸ್ ಎಂದು ಅವರ ನೆನಪಿನಲ್ಲಿ ಹೆಸರಿಟ್ಟರು. ಗೌರವ ಸಂದಿತು ನಿಜ. ಸೀಸೆಗಳು ಉಳಿದಿದ್ದರೆ ಒಂದು ತಲೆಮಾರಿನ ಶ್ರಮ ಉಳಿಯುತ್ತಿತ್ತು.

ಅದೇ ಕಾಲೇಜಿನ ಭೌತಶಾಸ್ತ್ರದಲ್ಲಿ ಬಿ. ವೆಂಕಟೇಶಾಚಾರ್ ಮತ್ತು ಎಲ್. ಸಿಬಯ್ಯ 1930ರ ದಶಕದಲ್ಲಿ ರೋಹಿತರೇಖೆಗಳ ಸೂಕ್ಷ್ಮ ಸೀಳುಗಳನ್ನು ಅಳೆದು ಪ್ಲಾಟಿನಂ, ಇರಿಡಿಯಂ ಧಾತುಗಳ ಐಸೊಟೋಪುಗಳ ಬಗ್ಗೆ ಬರೆದರು. ಭೂವಿಜ್ಞಾನದಲ್ಲಿ ಎಲ್. ರಾಮರಾವ್ ಅವರು ತಮಿಳುನಾಡಿನ ನಿನ್ನಿಯೂರು ಪದರಗಳ ಪಾಚಿ ಪಳೆಯುಳಿಕೆಗಳನ್ನು ಆಸ್ಟ್ರಿಯದ ಯೂಲಿಯಸ್ ಪಿಯಾ ಜೊತೆ ಅಧ್ಯಯನ ಮಾಡಿ 1936ರಲ್ಲಿ ಪ್ರಕಟಿಸಿದರು. ಪದವಿ ತರಗತಿಗಳ ಪಾಠದ ಹೊರೆ ಹೊತ್ತೇ ಮಾಡಿದ ಕೆಲಸಗಳಿವು. ಸಂಶೋಧನೆಗೆ ಪ್ರತ್ಯೇಕ ಹುದ್ದೆ, ಪ್ರತ್ಯೇಕ ಅನುದಾನ ಎಂಬ ಕಲ್ಪನೆ ಆ ಕಾಲೇಜಿಗೆ ಇನ್ನೂ ದೂರವಿತ್ತು.

ವಿಭಾಗದ ಎಲ್ಲೆ ಮೀರಿದವರ ಪೈಕಿ ನನಗೆ ಪ್ರಿಯರಾದವರು ಬೆಳ್ಳಾವೆ ವೆಂಕಟನಾರಣಪ್ಪನವರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು, 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ ಜೊತೆ ವಿಜ್ಞಾನ ಎಂಬ ಕನ್ನಡ ಮಾಸಪತ್ರಿಕೆ ತಂದವರು, ಪಂಪಭಾರತವನ್ನು ಸಂಪಾದಿಸಿದವರು. ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟಿನ ಕೆಲಸದಲ್ಲೂ ಅವರ ಕೈಯಿತ್ತು. ಇಂದಿನ ಬಡ್ತಿಯ ಅಂಕಪಟ್ಟಿಯಲ್ಲಿ ಇಂಥವರಿಗೆ ಯಾವ ಕಾಲಮ್ಮಿನಲ್ಲೂ ಜಾಗ ಸಿಗಲಾರದು. 1919ರಲ್ಲಿ ಅದೇ ಕಾಲೇಜಿನ ಕರ್ಣಾಟಕ ಸಂಘ ಎ. ಆರ್. ಕೃಷ್ಣಶಾಸ್ತ್ರಿಗಳ ಸಾರಥ್ಯದಲ್ಲಿ ಪ್ರಬುದ್ಧ ಕರ್ಣಾಟಕವನ್ನು ಹೊರಡಿಸಿತು. ವಿದ್ಯಾರ್ಥಿ ಸಂಘದ ಆ ಪತ್ರಿಕೆ ಮುಂದೆ ವಿಶ್ವವಿದ್ಯಾನಿಲಯದ ತ್ರೈಮಾಸಿಕವಾಯಿತು. ಕನ್ನಡದಲ್ಲಿ ಸಂಶೋಧನಾ ಲೇಖನ ಬರೆಯುವ ಶೈಲಿ, ಅಡಿಟಿಪ್ಪಣಿಯ ಶಿಸ್ತು, ವಿಮರ್ಶೆಯಲ್ಲಿ ಭಿನ್ನಾಭಿಪ್ರಾಯ ಹೇಳುವ ಸಭ್ಯತೆ ಬಹುಮಟ್ಟಿಗೆ ಅದರ ಪುಟಗಳಲ್ಲಿ ಕುದುರಿದವು. 1927ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದಾಗ ಮೊದಲ ತಂಡದಲ್ಲಿ ಕುವೆಂಪು ಇದ್ದರು, ಪಾಠ ಹೇಳುವವರಲ್ಲಿ ಟಿ. ಎಸ್. ವೆಂಕಣ್ಣಯ್ಯನವರಿದ್ದರು. ಪತ್ರಿಕೆ ವಿಭಾಗಕ್ಕಿಂತ ಎಂಟು ವರ್ಷ ಹಿರಿದು ಎಂಬುದನ್ನು ಗಮನಿಸಬೇಕು.

ನಿಘಂಟು 1946ರಲ್ಲಿ ಹೊರಬಂತು. ಅದು ಯಾವ ಒಂದು ವಿಭಾಗದ್ದೂ ಅಲ್ಲ. ಇಂಗ್ಲಿಷ್, ಕನ್ನಡ, ಸಂಸ್ಕೃತ ಬಲ್ಲವರ ಜೊತೆ ವಿಜ್ಞಾನದವರೂ ಕೂತು ಒಂದೊಂದು ಶಬ್ದಕ್ಕೂ ಸಮಾನಪದ ಹುಡುಕಿದ ಸಮಿತಿಯ ಕೆಲಸ. 1930ರ ದಶಕದಿಂದ ಅಧ್ಯಾಪಕರು ಊರೂರಿಗೆ ಹೋಗಿ ಮಾಡಿದ ಪ್ರಚಾರೋಪನ್ಯಾಸಗಳು ಕೆಲವೇ ಆಣೆ ಬೆಲೆಯ ಕಿರುಹೊತ್ತಗೆಗಳಾಗಿ ಬಂದಾಗ ಈ ಶಬ್ದಗಳು ಪರೀಕ್ಷೆಗೆ ಒಳಗಾದವು. ಓದುಗನಿಗೆ ಅರ್ಥವಾಗದ ಪಾರಿಭಾಷಿಕ ಶಬ್ದ ಅಲ್ಲೇ ಬಿದ್ದುಹೋಯಿತು.

ವಿದ್ಯೆಯನ್ನು ಜನರ ಬಳಿಗೆ ಒಯ್ದ ಈ ಕೆಲಸಕ್ಕೆ ಸಮಾನಾಂತರವಾಗಿ ಒಂದು ಸ್ವಾರಸ್ಯ. 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ತರಬೇತಾದವರು. 1935ರಲ್ಲಿ ಅವರು ಒಂಟಿಕೊಪ್ಪಲಿನ ತಮ್ಮ ಮನೆ ವಿಠಲ ವಿಹಾರದಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಪ್ರಸಾರ ಶುರುಮಾಡಿದರು. ಮೈಸೂರು ಆಕಾಶವಾಣಿಯ ಮೂಲ ಅದೇ. ಅವರನ್ನು ಕುರಿತು ಬರೆಯುವವರೆಲ್ಲ ರೇಡಿಯೋದ ಬಳಿ ನಿಂತುಬಿಡುತ್ತಾರೆ. ಕಲ್ಕತ್ತೆಯ ನಂತರ ಭಾರತದಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರಕ್ಕೆ ನೆಲೆ ಒದಗಿಸಿದ ವಿಭಾಗ ಅಡಿಟಿಪ್ಪಣಿಗೆ ಇಳಿಯುತ್ತದೆ.

1960ರಲ್ಲಿ ಮಾನಸಗಂಗೋತ್ರಿ. ಕುಲಪತಿ ಕುವೆಂಪು ಇಟ್ಟ ಹೆಸರು, ಅವರದೇ ಕನಸು. ಸ್ನಾತಕೋತ್ತರ ವಿಭಾಗಗಳೆಲ್ಲ ಒಂದೇ ಆವರಣಕ್ಕೆ ಬಂದವು, ವಿಜ್ಞಾನಕ್ಕೂ ಮೈಸೂರಿನಲ್ಲಿ ಸರಿಯಾದ ನೆಲೆ ಸಿಕ್ಕಿತು. ಇದು ಆಗಿಬಂದದ್ದು ಸಕಾಲದಲ್ಲಿ: 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಬೇರೆಯಾದಾಗ ಸೆಂಟ್ರಲ್ ಕಾಲೇಜು ಅದರ ಪಾಲಾಯಿತು. ಅರ್ಧ ಶತಮಾನದ ವಿಜ್ಞಾನ ಪರಂಪರೆ ಪ್ರಯೋಗಾಲಯಗಳ ಸಮೇತ ಮೈಸೂರಿನ ಕೈಬಿಟ್ಟಿತು. ಮಾನಸಗಂಗೋತ್ರಿಯ ವಿಜ್ಞಾನ ಬಳಗಗಳು ಹೊಸ ಒಕ್ಕಲು ಹೂಡಿದವರಂತೆ ಮೊದಲಿನಿಂದ ಕಟ್ಟಬೇಕಾಯಿತು.

ಕಟ್ಟಿದವರಲ್ಲಿ ಮುಖ್ಯರು ಎಸ್. ಚಂದ್ರಶೇಖರ್. ಸಿ. ವಿ. ರಾಮನ್ನರ ಸೋದರಿಯ ಮಗ, ಅವರ ಶಿಷ್ಯ, ಕೇಂಬ್ರಿಜ್ಜಿನಲ್ಲಿ ಸ್ಫಟಿಕಗಳ ಎಕ್ಸ್-ಕಿರಣ ಅಧ್ಯಯನ ಮಾಡಿ ಬಂದವರು. 1961ರಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಬಂದರು. ಹರಿಯುವ ಗುಣವನ್ನೂ ಹರಳಿನ ಶಿಸ್ತನ್ನೂ ಒಟ್ಟಿಗೆ ತೋರುವ ದ್ರವಸ್ಫಟಿಕಗಳ ಕಡೆಗೆ ಅವರು ಹೊರಳಿದ್ದು ಇಲ್ಲೇ. ಗಡಿಯಾರ, ಕ್ಯಾಲ್ಕ್ಯುಲೇಟರುಗಳ ಪರದೆಯಾಗಿ ಅವು ಮನೆಮನೆಗೆ ಬರುವ ಮೊದಲೇ ಅವುಗಳ ಸಿದ್ಧಾಂತದ ಮೇಲೆ ಮೈಸೂರಿನಲ್ಲಿ ಪಿಎಚ್.ಡಿ. ಪ್ರಬಂಧಗಳು ಸಿದ್ಧವಾಗುತ್ತಿದ್ದವು. 1971ರಲ್ಲಿ ಚಂದ್ರಶೇಖರ್ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು, ಎನ್. ವಿ. ಮಧುಸೂದನ ಮೊದಲಾದ ಶಿಷ್ಯರೂ ಆ ಕಡೆ ನಡೆದರು. ತಟ್ಟೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ ಆಗಬಲ್ಲದೆಂದು ಜಗತ್ತಿಗೆ ತೋರಿಸಿದ 1977ರ ಶೋಧ ಅಲ್ಲಿ ನಡೆಯಿತು. ಮೈಸೂರಿನಲ್ಲೂ ಆ ವಿಷಯದ ಕೆಲಸ ನಿಲ್ಲಲಿಲ್ಲ. ಆದರೆ ಬಳಗದ ತಿರುಳು ಹೊರಟುಹೋಗಿತ್ತು. ಇದರಲ್ಲಿ ಯಾರ ತಪ್ಪನ್ನೂ ಹುಡುಕಬೇಕಾಗಿಲ್ಲ. ಪಾಠ, ಪರೀಕ್ಷೆ, ಮೌಲ್ಯಮಾಪನಗಳ ಚಕ್ರದಲ್ಲಿ ಸಿಕ್ಕ ವಿಭಾಗಕ್ಕೆ ಸಂಶೋಧನೆಯನ್ನೇ ಕಸುಬು ಮಾಡಿಕೊಂಡ ಸಂಸ್ಥೆಯೊಂದಿಗೆ ಪೈಪೋಟಿ ನಡೆಸುವ ಬಲ ಇರಲಿಲ್ಲ.

ಪ್ರಾಣಿಶಾಸ್ತ್ರದಲ್ಲಿ ಬೇರೆ ಬಗೆಯ ಚರಿತ್ರೆ ಕಾಣುತ್ತದೆ. ಎಂ. ಆರ್. ರಾಜಶೇಖರಸೆಟ್ಟಿಯವರ ನೇತೃತ್ವದಲ್ಲಿ ತಳಿಶಾಸ್ತ್ರ ಬೇರೂರಿತು. ಡ್ರೊಸೊಫಿಲ ಎಂಬ ಹಣ್ಣುನೊಣ ಅದರ ಆಕರ. ನೊಣದ ತಳಿ ಉಳಿಯಬೇಕಾದರೆ ರವೆ, ಬೆಲ್ಲ, ಅಗರ್ ಬೇಯಿಸಿ ಬಾಟಲಿಗೆ ಹೊಯ್ದು, ಕೆಲವು ವಾರಕ್ಕೊಮ್ಮೆ ಹಳೆಯ ಬಾಟಲಿಯ ನೊಣಗಳನ್ನು ಹೊಸದಕ್ಕೆ ದಾಟಿಸಬೇಕು. ಬೇಸಿಗೆ ರಜೆ, ಪರೀಕ್ಷೆ, ಮುಷ್ಕರ ಏನಿದ್ದರೂ ಇದು ತಪ್ಪುವಂತಿಲ್ಲ. ತಪ್ಪಿದರೆ ವರ್ಷಗಳ ತಳಿ ಸತ್ತುಹೋಗುತ್ತದೆ. ಹೀಗೆ ಆಕರವೇ ದಿನಚರಿಯನ್ನು ಹೇರಿತು, ದಿನಚರಿ ಬಳಗವನ್ನು ಹಿಡಿದಿಟ್ಟಿತು. ಮೈಸೂರಿನ ಡ್ರೊಸೊಫಿಲ ಸಂಗ್ರಹಕೇಂದ್ರ ಬೇರೆ ಕಡೆಯ ಕಾಲೇಜು, ಪ್ರಯೋಗಾಲಯಗಳಿಗೂ ತಳಿ ಒದಗಿಸುವಷ್ಟು ಬೆಳೆಯಿತು. ನಾಸುಟ ಮತ್ತು ಆಲ್ಬೊಮಿಕಾನ್ಸ್ ಎಂಬ ಎರಡು ನಂಟಿನ ನೊಣಗಳನ್ನು ಸಂಕರಗೊಳಿಸಿ, ಪೀಳಿಗೆಯಿಂದ ಪೀಳಿಗೆಗೆ ಸಾಕಿ, ಎರಡಕ್ಕೂ ಸೇರದ ಹೊಸ ವರ್ಣತಂತು ವಿನ್ಯಾಸದ ತಳಿಗಳು ಪ್ರಯೋಗಾಲಯದೊಳಗೇ ನೆಲೆಗೊಳ್ಳುವುದನ್ನು ಎಚ್. ಎ. ರಂಗನಾಥ್ ಮತ್ತು ಜರ್ಮನಿಯ ಹೇಗೆಲೆ 1980ರ ದಶಕದ ಆರಂಭದಲ್ಲಿ ವರದಿ ಮಾಡಿದರು. ವಿಕಾಸವನ್ನು ಬಾಟಲಿಯಲ್ಲಿ ಗಮನಿಸುವ ಈ ಕೆಲಸ ಮೂರು ವರ್ಷದ ಅನುದಾನದಲ್ಲಿ ಮುಗಿಯುವಂಥದಲ್ಲ. ಗುರು ನಿವೃತ್ತರಾದರೂ ನೊಣಗಳಿಗೆ ನಿವೃತ್ತಿಯಿಲ್ಲ.

ಮಾನವಿಕದಲ್ಲಿ ಇಂಥ ದೀರ್ಘ ದಿನಚರಿ ಕಟ್ಟಿಕೊಂಡದ್ದು 1966ರಲ್ಲಿ ಸ್ಥಾಪನೆಯಾದ ಕನ್ನಡ ಅಧ್ಯಯನ ಸಂಸ್ಥೆ. ಮೊದಲ ನಿರ್ದೇಶಕರಾಗಿದ್ದು ಮುಂದೆ ಕುಲಪತಿಯಾದ ದೇ. ಜವರೇಗೌಡರ ಹಟ ಇಲ್ಲದಿದ್ದರೆ ಅದರ ಯೋಜನೆಗಳು ಕಾಗದದಲ್ಲೇ ಉಳಿಯುತ್ತಿದ್ದವು. ದೇಜಗೌ ಅವರ ಆಡಳಿತಶೈಲಿಯ ಬಗ್ಗೆ ಎರಡು ಅಭಿಪ್ರಾಯಗಳಿರಬಹುದು. ಸಂಪಾದಕರು, ಸಹಾಯಕರು, ಶಾಸನ ಓದುವವರು, ಹಸ್ತಪ್ರತಿ ನಕಲು ಮಾಡುವವರು ಸಂಬಳದ ನೌಕರರಾಗಿ ವಿಶ್ವವಿದ್ಯಾನಿಲಯದಲ್ಲಿ ಇರಬೇಕು ಎಂಬ ಅವರ ನಿಲುವಿನ ವಿಷಯದಲ್ಲಿ ಎರಡು ಮಾತಿಲ್ಲ. 1891ರ ಲೈಬ್ರರಿಯ ತಿಳಿವಳಿಕೆಯೂ ಅದೇ ಆಗಿತ್ತು.

ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿ 1972ರಲ್ಲಿ ಕೊಡಗಿನ ಸಂಪುಟದಿಂದಲೇ ಮತ್ತೆ ಮೊದಲಾಯಿತು. ಶ್ರವಣಬೆಳಗೊಳದ ಒಂದು ಸಂಪುಟದ ಲೆಕ್ಕ ನೋಡಿದರೆ ಬಳಗದ ಸತತ ದುಡಿಮೆಯ ಅರ್ಥ ತಿಳಿಯುತ್ತದೆ. 1889ರಲ್ಲಿ ರೈಸ್ ಕೊಟ್ಟದ್ದು 144 ಶಾಸನ. 1923ರಲ್ಲಿ ನರಸಿಂಹಾಚಾರ್ಯರ ಪರಿಷ್ಕರಣದಲ್ಲಿ 500. 1973ರ ಸಂಪುಟದಲ್ಲಿ 573. ಅದೇ ಬೆಟ್ಟ, ಅದೇ ಬಂಡೆ. ಸವೆದ ಅಕ್ಷರಗಳ ಮುಂದೆ ಮತ್ತೆ ಮತ್ತೆ ಹೋಗಿ ಕೂತ ಕಣ್ಣುಗಳು ಬೇರೆ. ಹಿಂದಿನವರ ಪಾಠವನ್ನು ತಿದ್ದುವಾಗ ಅವರ ಪಡಿಯಚ್ಚುಗಳೂ ಓದುಗಳೂ ಕೈಯಳತೆಯಲ್ಲಿ ಇದ್ದದ್ದರಿಂದ ಇದು ಸಾಧ್ಯವಾಯಿತು. ಓರಿಯಂಟಲ್ ಲೈಬ್ರರಿಯಲ್ಲಿ ಪಳಗಿದ ಡಿ. ಎಲ್. ನರಸಿಂಹಾಚಾರ್ಯರ ಕನ್ನಡ ಗ್ರಂಥಸಂಪಾದನೆ 1964ರಲ್ಲೇ ಬಂದಿತ್ತು. ಹಸ್ತಪ್ರತಿಗಳ ನಡುವೆ ಪಾಠ ನಿರ್ಣಯಿಸುವ ಕ್ರಮವನ್ನು ಕನ್ನಡದಲ್ಲೇ ವಿವರಿಸಿದ ಆ ಗ್ರಂಥ ಸಂಸ್ಥೆಯ ಸಂಪಾದಕರಿಗೆ ಕೈಪಿಡಿಯಾಯಿತು.

ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಬಂತು. 14 ಸಂಪುಟ ಪೂರ್ತಿಯಾಗಲು ಮೂರು ದಶಕಕ್ಕೂ ಮೀರಿದ ಕಾಲ ಹಿಡಿಯಿತು. ವಿಭಾಗಗಳನ್ನು ನಿಜವಾಗಿ ಒಂದು ಮೇಜಿಗೆ ಕರೆತಂದ ಯೋಜನೆ ಇದೇ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಅರ್ಥಶಾಸ್ತ್ರದ ಅಧ್ಯಾಪಕರು ತಮ್ಮ ವಿಷಯವನ್ನು ಕನ್ನಡದಲ್ಲಿ ಬರೆಯಬೇಕಾಯಿತು. ಬರೆದದ್ದನ್ನು ಕನ್ನಡದ ಸಂಪಾದಕರು ತಿದ್ದಿದರು, ತಿದ್ದಿದ್ದನ್ನು ವಿಜ್ಞಾನದವರು ಮತ್ತೆ ನೋಡಿದರು. ಅಕಾರಾದಿ ಕ್ರಮದಲ್ಲಿ ಬಂದ ಸಂಪುಟಗಳ ಮೊದಲ ಲೇಖನಗಳು ಕೊನೆಯ ಸಂಪುಟ ಬರುವ ಹೊತ್ತಿಗೆ ಹಳತಾಗಿದ್ದವು ಎಂಬ ಆಕ್ಷೇಪ ನ್ಯಾಯವಾದದ್ದೇ. ಆ ಕೆಲಸದಲ್ಲಿ ತಯಾರಾದ ವಿಜ್ಞಾನ ಲೇಖಕರ ಪೀಳಿಗೆಯನ್ನು ಲೆಕ್ಕಕ್ಕೆ ಹಿಡಿದರೆ ಮಾತ್ರ ಆ ಆಕ್ಷೇಪದ ಭಾರ ಕಡಿಮೆಯಾಗುತ್ತದೆ. ಜಾನಪದದಲ್ಲಿ ಜೀ. ಶಂ. ಪರಮಶಿವಯ್ಯ ಹಾಡು, ಕಾವ್ಯಗಳನ್ನು ಕೂಡಿಹಾಕಿದರೆ ಪಿ. ಆರ್. ತಿಪ್ಪೇಸ್ವಾಮಿ ನೇಗಿಲು, ಗೊಂಬೆ, ಆಭರಣ, ಮುಖವಾಡಗಳನ್ನು ಹೊತ್ತು ತಂದರು. ಜಯಲಕ್ಷ್ಮಿ ವಿಲಾಸ ಅರಮನೆಯ ವಸ್ತುಸಂಗ್ರಹಾಲಯ ಹುಟ್ಟಿದ್ದು ಹೀಗೆ. ಇಂಗ್ಲಿಷ್ ವಿಭಾಗದ ಸಿ. ಡಿ. ನರಸಿಂಹಯ್ಯನವರು 1952ರಿಂದ ನಡೆಸಿದ ಲಿಟರರಿ ಕ್ರೈಟೀರಿಯನ್ ಪತ್ರಿಕೆ ಮಾತ್ರ ಅವರ ನಿವೃತ್ತಿಯ ನಂತರ ಅವರೊಂದಿಗೆ ಅವರೇ ಕಟ್ಟಿದ ಧ್ವನ್ಯಾಲೋಕ ಎಂಬ ಅಧ್ಯಯನ ಕೇಂದ್ರಕ್ಕೆ ಹೋಯಿತು. ಪ್ರಬುದ್ಧ ಕರ್ಣಾಟಕ ಸಂಸ್ಥೆಯ ಪತ್ರಿಕೆಯಾಗಿತ್ತು, ಇದು ವ್ಯಕ್ತಿಯ ಪತ್ರಿಕೆಯಾಗಿತ್ತು.

ಇಲ್ಲಿಯವರೆಗಿನ ವಾದಕ್ಕೆ ಒಪ್ಪದ ಒಂದು ಬಳಗವನ್ನು ಬಿಟ್ಟರೆ ಚರಿತ್ರೆಗೆ ಮೋಸವಾಗುತ್ತದೆ. ಅದು ಗಣಿತದ್ದು. ಅದರ ಆಕರ ಮೈಸೂರಿನ ಯಾವ ಬೀರುವಿನಲ್ಲೂ ಇರಲಿಲ್ಲ. ಶ್ರೀನಿವಾಸ ರಾಮಾನುಜನ್ ಸಾಧನೆಗಳಿಲ್ಲದೆ ಬರಿಯ ಫಲಿತಾಂಶಗಳನ್ನು ಬರೆದಿಟ್ಟ ನೋಟುಪುಸ್ತಕಗಳನ್ನು ಮುಂಬಯಿಯ ಟಾಟಾ ಸಂಸ್ಥೆ 1957ರಲ್ಲಿ ಎರಡು ಸಂಪುಟಗಳಲ್ಲಿ ಯಥಾಪ್ರತಿಯಾಗಿ ಮುದ್ರಿಸಿತು. ಅಲ್ಲಿಂದಾಚೆಗೆ ಅವು ಯಾರಿಗೆ ಬೇಕಾದರೂ ದಕ್ಕುವ ಆಕರ. ಕೆ. ವೆಂಕಟಾಚಲ ಅಯ್ಯಂಗಾರ್ ರಾಮಾನುಜನ್ನರ ದೀರ್ಘವೃತ್ತೀಯ ಫಲನಗಳ ದಾರಿಯನ್ನು ಹಿಡಿದರು. ಅವರ ಪ್ರಭಾವದಲ್ಲಿ ವಿ. ರಮಾಮಣಿ 1970ರಲ್ಲಿ ಮೈಸೂರಿಗೆ ಸಲ್ಲಿಸಿದ ಪ್ರಬಂಧದ ಸಮೀಕರಣಗಳನ್ನು ಸಂಖ್ಯಾಸಿದ್ಧಾಂತದ ತಜ್ಞರು ಈಗಲೂ ಉಲ್ಲೇಖಿಸುತ್ತಾರೆ. 1985ರಲ್ಲಿ ಎರಡನೆಯ ನೋಟುಪುಸ್ತಕದ 16ನೆಯ ಅಧ್ಯಾಯದ ಎಲ್ಲ ಫಲಿತಾಂಶಗಳಿಗೆ ಸಾಧನೆ ಒದಗಿಸಿದ ಕಿರುಗ್ರಂಥವನ್ನು ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿ ಪ್ರಕಟಿಸಿತು. ಅದರ ಮೇಲೆ ನಾಲ್ಕು ಹೆಸರುಗಳಿವೆ. ಒಬ್ಬರು ಇಲಿನಾಯ್‌ನ ಬ್ರೂಸ್ ಬರ್ನ್ಟ್. ಇನ್ನೊಬ್ಬರು ಅದಕ್ಕೆ ಇಪ್ಪತ್ತು ವರ್ಷ ಮುಂಚೆಯೇ ತೀರಿಕೊಂಡಿದ್ದ, ಅಪ್ರಕಟಿತ ಟಿಪ್ಪಣಿ ಬಿಟ್ಟುಹೋಗಿದ್ದ ಇಂಗ್ಲೆಂಡಿನ ಜಿ. ಎನ್. ವಾಟ್ಸನ್. ಉಳಿದಿಬ್ಬರು, ಸಿ. ಅಡಿಗ ಮತ್ತು ಎಸ್. ಭಾರ್ಗವ, ಮಾನಸಗಂಗೋತ್ರಿಯ ಗಣಿತ ವಿಭಾಗದವರು.